200 ಮೀಟರ್ ರೇಸ್ ಇಲ್ಲವಾದಾಗ ಲಿಸಾ ಕ್ಯಾರಿಂಗ್ಟನ್ ಏನು ಮಾಡಿದರು

ಕ್ರೀಡಾಪಟುಗಳ ಮನಸ್ಸಿನ ಜೊತೆ ಕೆಲಸ ಮಾಡುವುದು ನನ್ನ ವೃತ್ತಿ. ನನ್ನ ಬಳಿ ಬರುವವರಲ್ಲಿ ಈಜುವವರು, ಓಡುವವರು, ಷಟಲ್ ಆಡುವವರು ಜಾಸ್ತಿ. ಹೆಚ್ಚಿನವರು ಇನ್ನೂ ಹೈಸ್ಕೂಲು, ಪಿಯುಸಿಯಲ್ಲಿರುವ ಮಕ್ಕಳು. ಜೊತೆಗೆ ಬರುವ ಅಪ್ಪ ಅಮ್ಮ ಕೇಳುವುದು ಬಹುತೇಕ ಒಂದೇ: “ಇವಳಿಗೆ ಗೆಲ್ಲಬೇಕು ಅನ್ನೋ ಹಸಿವೇ ಇಲ್ಲ ಮೇಡಂ. ಸ್ವಲ್ಪ ಮೋಟಿವೇಟ್ ಮಾಡಿ.”

ಪದಕದ ಆಸೆಯೊಂದೇ ಒಬ್ಬರನ್ನು ವರ್ಷಗಟ್ಟಲೆ ಬೆಳಗಿನ ಚಳಿಯಲ್ಲಿ ನೀರಿಗೆ ಇಳಿಸುತ್ತದೆ ಎಂದು ನಾನು ನಂಬುವುದಿಲ್ಲ. ಯಾಕೆ ಅಂತ ಕೇಳಿದವರಿಗೆ ನ್ಯೂಜಿಲೆಂಡಿನ ಕಯಾಕ್ (ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ನಡೆಸುವ ಕಿರಿದಾದ ದೋಣಿ) ಆಟಗಾರ್ತಿ ಲಿಸಾ ಕ್ಯಾರಿಂಗ್ಟನ್ ಅವರ ಕಥೆ ಹೇಳುತ್ತೇನೆ. ನಮ್ಮಲ್ಲಿ ಈ ಆಟ ನೋಡಿದವರು ಕಡಿಮೆ. ಆದರೂ ಹೇಳುತ್ತೇನೆ. ಯಾಕೆಂದರೆ ಆಕೆಯನ್ನು ಜಗತ್ತಿನಲ್ಲೇ ಯಾರೂ ಸರಿಗಟ್ಟದ ಒಂದು ರೇಸ್ ಇತ್ತು, ಮತ್ತು ಆ ರೇಸನ್ನೇ ಒಲಿಂಪಿಕ್ಸ್‌ನಿಂದ ತೆಗೆದುಹಾಕಿದರು. ಒಬ್ಬ ಆಟಗಾರ್ತಿಯನ್ನು ನಡೆಸುತ್ತಿರುವುದು ಏನು ಎಂದು ತಿಳಿಯಲು ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೇನಿದೆ?

ಲಿಸಾ ಹುಟ್ಟಿದ್ದು 1989ರಲ್ಲಿ. ಬೆಳೆದದ್ದು ನ್ಯೂಜಿಲೆಂಡಿನ ಉತ್ತರ ದ್ವೀಪದ ಓಹೋಪೆ ಎಂಬ ಕಡಲತೀರದ ಊರಿನಲ್ಲಿ. ತಂದೆಯ ಕಡೆಯಿಂದ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನಾಂಗದವರು. ಅಲ್ಲಿ ಕಡಲಿನಲ್ಲಿ ಮುಳುಗುವವರನ್ನು ಕಾಪಾಡುವ ತರಬೇತಿಯನ್ನು ಮಕ್ಕಳು ಕ್ಲಬ್ ಸೇರಿ ಆಟದ ಹಾಗೆ ಕಲಿಯುತ್ತಾರೆ. ಸರ್ಫ್ ಲೈಫ್‌ಸೇವಿಂಗ್ ಎನ್ನುತ್ತಾರೆ. ಲಿಸಾ ಕಯಾಕ್‌ಗೆ ಬಂದದ್ದು ಆ ದಾರಿಯಿಂದ. 2010ರಲ್ಲಿ ಗಾರ್ಡನ್ ವಾಕರ್ ಲಿಸಾಗೆ ಕೋಚ್ ಆದರು. ವಾಕರ್ ಕೂಡ ಸಾಮಾನ್ಯರಲ್ಲ. ಓಟ, ಸೈಕಲ್, ಕಯಾಕ್ ಮೂರನ್ನೂ ಬಳಸಿ ದಕ್ಷಿಣ ದ್ವೀಪವನ್ನು ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ದಾಟುವ ‘ಕೋಸ್ಟ್ ಟು ಕೋಸ್ಟ್’ ರೇಸ್ ಗೆದ್ದವರು. 2011ರಲ್ಲಿ ಹಂಗೇರಿಯ ಸೆಗೆಡ್‌ನಲ್ಲಿ ಲಿಸಾ ಒಬ್ಬರೇ ಹುಟ್ಟು ಹಾಕುವ 200 ಮೀಟರ್ ರೇಸಿನಲ್ಲಿ ವಿಶ್ವ ಚಾಂಪಿಯನ್ ಆದರು. ಇದನ್ನು ಕೆ1 200 ಎನ್ನುತ್ತಾರೆ. ಕೆ ಅಂದರೆ ಕಯಾಕ್, 1 ಅಂದರೆ ಒಬ್ಬರು. ಅಲ್ಲಿಂದ 2019ರವರೆಗೆ ಆ ರೇಸಿನಲ್ಲಿ 7 ವಿಶ್ವ ಪ್ರಶಸ್ತಿ. 2012ರ ಲಂಡನ್‌ನಲ್ಲಿ ಚಿನ್ನ, 2016ರ ರಿಯೊದಲ್ಲಿ ಚಿನ್ನ.

ಈಗ ದೋಣಿಯ ವಿಷಯ ಸ್ವಲ್ಪ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಮುಂದಿನದರ ತೂಕ ತಿಳಿಯುವುದಿಲ್ಲ.

ರೇಸಿನ ಕೆ1 ದೋಣಿ ಹೆಚ್ಚೆಂದರೆ 5.2 ಮೀಟರ್ ಉದ್ದ. ತೂಕ ಕನಿಷ್ಠ 12 ಕಿಲೋ ಇರಬೇಕು. ಅಗಲ ಎಷ್ಟು ಕಡಿಮೆ ಎಂದರೆ ಮೊದಲ ಸಲ ಕೂತವರು ಮಗುಚಿಕೊಳ್ಳುವುದೇ ಜಾಸ್ತಿ. ನೋಡುವವರಿಗೆ ಇದು ತೋಳಿನ ಆಟದ ಹಾಗೆ ಕಾಣುತ್ತದೆ. ನಿಜವಾದ ಬಲ ಬರುವುದು ಕಾಲು ಮತ್ತು ಸೊಂಟದಿಂದ. ಬಲಗಡೆ ಹುಟ್ಟು ಹಾಕುವಾಗ ಬಲಗಾಲು ಮುಂದಿನ ಹಲಗೆಯನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಇಡೀ ಬೆನ್ನು ಅದರ ಜೊತೆ ಬಿಚ್ಚಿಕೊಳ್ಳುತ್ತದೆ. ಗುದ್ದಲಿಯನ್ನು ನೆಲಕ್ಕೆ ಕಚ್ಚಿಸಿ ಅದರ ಕಡೆಗೆ ಮೈ ಎಳೆದುಕೊಂಡ ಹಾಗೆ, ಹುಟ್ಟನ್ನು ನೀರಿಗೆ ನಾಟಿಸಿ ದೋಣಿಯನ್ನು ಅದರಾಚೆಗೆ ದಾಟಿಸಬೇಕು. ನೀರನ್ನು ಸುಮ್ನೆ ಹಿಂದಕ್ಕೆ ತಳ್ಳಿದರೆ ಶಕ್ತಿ ಪೋಲು. ಸ್ಪ್ರಿಂಟ್‌ನಲ್ಲಿ ಇದೆಲ್ಲ ಸೆಕೆಂಡಿಗೆ ಎರಡು ಸಲಕ್ಕಿಂತ ಹೆಚ್ಚು ನಡೆಯುತ್ತದೆ. ಪ್ರತಿ ಸಲವೂ ದೋಣಿ ಅಲ್ಲಾಡಬಾರದು.

ಇನ್ನೊಂದು ಕಷ್ಟ ನೀರಿನದೇ. ವೇಗ ಹೆಚ್ಚಿದಷ್ಟೂ ನೀರಿನ ತಡೆ ಅದಕ್ಕಿಂತ ಜೋರಾಗಿ ಏರುತ್ತದೆ. ವೇಗವನ್ನು ನೂರಕ್ಕೆ ಒಂದರಷ್ಟು ಹೆಚ್ಚಿಸಬೇಕಾದರೆ ಹೆಚ್ಚುಕಡಿಮೆ ನೂರಕ್ಕೆ ಮೂರರಷ್ಟು ಶಕ್ತಿ ಹೆಚ್ಚು ಹಾಕಬೇಕು. ಹಾಗಾಗಿ ಮೇಲಿನ ಮಟ್ಟಕ್ಕೆ ಹೋದವರು ಇನ್ನಷ್ಟು ಬಲ ಬೆಳೆಸಿಕೊಂಡರೆ ಮಾತ್ರ ಸಾಲದು. ಹುಟ್ಟು ನೀರಿಗೆ ಇಳಿಯುವ ಕೋನ, ಕೈ ಮೇಲೇಳುವ ಹೊತ್ತು, ಕೂತ ಭಂಗಿ, ಇಂಥ ಸಣ್ಣ ಸಣ್ಣ ವಿಷಯಗಳನ್ನು ತಿದ್ದುತ್ತಾ ಹೋಗಬೇಕು. ತಿದ್ದಲು ಯಾವಾಗಲೂ ಏನಾದರೂ ಉಳಿದೇ ಇರುತ್ತದೆ.

200 ಮೀಟರ್ ಮುಗಿಯಲು ಮಹಿಳೆಯರಿಗೆ 40 ಸೆಕೆಂಡಿನ ಆಸುಪಾಸು ಸಾಕು. 500 ಮೀಟರಿಗೆ 1 ನಿಮಿಷ 50 ಸೆಕೆಂಡಿನ ಹತ್ತಿರ ಬೇಕು. ಎರಡೂ ಸ್ಪ್ರಿಂಟ್ ಎಂದೇ ಕರೆಸಿಕೊಳ್ಳುತ್ತವೆ, ಆದರೆ ಮೈ ಕೇಳುವ ಕೆಲಸ ಬೇರೆ. 200ರಲ್ಲಿ ಬೇಕಾಗುವ ಶಕ್ತಿಯ ಹೆಚ್ಚಿನ ಪಾಲು ಆಮ್ಲಜನಕದ ನೆರವಿಲ್ಲದೆ ಸ್ನಾಯುವಿನಲ್ಲೇ ಥಟ್ಟನೆ ಹುಟ್ಟುತ್ತದೆ. 500ರಲ್ಲಿ ಇದು ತಿರುಗುಮುರುಗು. ಅರ್ಧಕ್ಕಿಂತ ಹೆಚ್ಚು ಶಕ್ತಿ ಉಸಿರಿನಿಂದ, ಅಂದರೆ ಹೃದಯ ಮತ್ತು ಶ್ವಾಸಕೋಶ ತಲುಪಿಸುವ ಆಮ್ಲಜನಕದಿಂದ ಬರಬೇಕು. 200ರಲ್ಲಿ ಹಿಡಿದಿಟ್ಟುಕೊಳ್ಳುವ ಪ್ರಶ್ನೆಯೇ ಇಲ್ಲ. 500ರಲ್ಲಿ ಮೊದಲ ನೂರು ಮೀಟರನ್ನು ತುಸು ಜೋರಾಗಿ ಹೊಡೆದುಬಿಟ್ಟರೆ ಕೊನೆಯ ನೂರರಲ್ಲಿ ತೋಳು ಮರಗಟ್ಟುತ್ತದೆ. ಆಗ ತಂತ್ರ ಕೆಡುತ್ತದೆ, ದೋಣಿ ಅಲ್ಲಾಡುತ್ತದೆ, ಪಕ್ಕದ ಲೇನಿನವರು ಮುಂದೆ ಹೋಗುತ್ತಾರೆ.

200ರ ರಾಣಿಯಾಗಿದ್ದ ಲಿಸಾಗೆ 500 ಸುಲಭವಾಗಿ ಒಲಿಯಲಿಲ್ಲ. 2015ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕೆ1 500 ವಿಶ್ವ ಪ್ರಶಸ್ತಿ ಗೆದ್ದರು. ಆದರೆ ಮರುವರ್ಷ ರಿಯೊದಲ್ಲಿ ಕಂಚು. ಚಿನ್ನ ಹಂಗೇರಿಯ ದನೂತಾ ಕೊಜಾಕ್ ಅವರ ಪಾಲಾಯಿತು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 2017ರಲ್ಲಿ ಬೆಳ್ಳಿ, 2018ರಲ್ಲಿ ಮತ್ತೆ ಬೆಳ್ಳಿ. 2019ರಲ್ಲಿ ಮತ್ತೆ ಚಿನ್ನ ಬಂತು. ಈ ಸಾಲನ್ನು ಸ್ವಲ್ಪ ನಿಧಾನವಾಗಿ ಓದಿ. 200ರ ವಿಶ್ವ ಮತ್ತು ಒಲಿಂಪಿಕ್ ಫೈನಲ್‌ಗಳಲ್ಲಿ ಸೋಲೇ ಇಲ್ಲದ ಒಬ್ಬರು ತಾವು ಸೋಲಬಹುದಾದ, ಸೋಲುತ್ತಲೂ ಇದ್ದ ರೇಸಿಗೆ ಪ್ರತಿ ವರ್ಷ ವಾಪಸ್ ಹೋಗುತ್ತಿದ್ದರು. ಯಾರೂ ಅವರನ್ನು ಬಲವಂತ ಮಾಡುವ ಸ್ಥಿತಿಯಲ್ಲಿರಲಿಲ್ಲ. 200 ಒಂದನ್ನೇ ಹಿಡಿದುಕೊಂಡಿದ್ದರೂ ಅವರ ಹೆಸರು ಉಳಿಯುತ್ತಿತ್ತು.

ಅವರ ಮನಸ್ಸಿನೊಳಗೆ ಏನು ನಡೆಯುತ್ತಿತ್ತು ಎಂದು ಹೇಳುವ ಹಕ್ಕು ನನಗಿಲ್ಲ. ಆದರೆ ನನ್ನ ಕೆಲಸದಲ್ಲಿ ಕಲಿತ ಒಂದು ವಿಷಯವಿದೆ. ಆಟಗಾರರು ಮೈಕಿನ ಮುಂದೆ ಏನು ಹೇಳುತ್ತಾರೆ ಎನ್ನುವುದಕ್ಕಿಂತ, ಆಯ್ಕೆ ಇದ್ದಾಗ ಏನನ್ನು ಆರಿಸಿಕೊಳ್ಳುತ್ತಾರೆ ಎನ್ನುವುದನ್ನು ನೋಡಬೇಕು. ಲಿಸಾ ಮತ್ತೆ ಮತ್ತೆ ಆರಿಸಿಕೊಂಡದ್ದು ಇನ್ನೂ ಕಲಿಯಲು ಬಾಕಿ ಇದ್ದ ಕೆಲಸವನ್ನು.

2020ರ ಡಿಸೆಂಬರ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಪಟ್ಟಿ ಹೊರಬಂತು. ಕೆ1 200 ಅದರಲ್ಲಿ ಇರಲಿಲ್ಲ. 2020ರ ಟೋಕಿಯೊ ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋಗಿತ್ತು. ಹಾಗಾಗಿ ತನ್ನ ರೇಸಿಗೆ ಟೋಕಿಯೊವೇ ಕೊನೆಯ ಒಲಿಂಪಿಕ್ಸ್ ಎಂಬುದು ಗೊತ್ತಿದ್ದೇ ಅವರು ಅಲ್ಲಿಗೆ ಹೋದರು. 2021ರ ಆಗಸ್ಟ್ 3ರಂದು ಕೆ1 200 ಫೈನಲ್ ಗೆದ್ದರು. ಅದೇ ದಿನ ಕೇಟ್ಲಿನ್ ರೀಗಲ್ ಜೊತೆ ಇಬ್ಬರ ದೋಣಿಯ ಕೆ2 500 ಫೈನಲ್ಲೂ ಗೆದ್ದರು. ಒಂದು ಫೈನಲ್ ಮುಗಿಸಿದ ಮೈಯನ್ನು ಕಡಿಮೆ ಹೊತ್ತಿನಲ್ಲಿ ಇನ್ನೊಂದಕ್ಕೆ ಅಣಿಗೊಳಿಸುವುದು ಎಷ್ಟು ಕಷ್ಟ ಎಂದು ಯಾವ ಓಟಗಾರರನ್ನು ಕೇಳಿದರೂ ಹೇಳುತ್ತಾರೆ. ಮೊದಲ ಗೆಲುವಿನ ಸಂಭ್ರಮವನ್ನೂ ಪಕ್ಕಕ್ಕಿಡಬೇಕು. ಆಗಸ್ಟ್ 5ರಂದು ಕೆ1 500 ಚಿನ್ನವೂ ಬಂತು. ಐದು ವರ್ಷದ ಹಿಂದೆ ಕಂಚು ಸಿಕ್ಕಿದ್ದ ರೇಸ್ ಅದು. ನಾಲ್ವರ ದೋಣಿಯಲ್ಲಿ ಮಾತ್ರ ನ್ಯೂಜಿಲೆಂಡ್ ನಾಲ್ಕನೆಯದಾಗಿ ಪದಕ ತಪ್ಪಿಸಿಕೊಂಡಿತು.

ಇಲ್ಲಿಗೆ ನಿಲ್ಲಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಐದು ಚಿನ್ನ ಆಗಿತ್ತು. 1984 ಮತ್ತು 1988ರಲ್ಲಿ ಇದೇ ಆಟದಲ್ಲಿ ನಾಲ್ಕು ಚಿನ್ನ ಗೆದ್ದಿದ್ದ ಇಯಾನ್ ಫರ್ಗ್ಯುಸನ್ ಅವರನ್ನು ದಾಟಿ, ನ್ಯೂಜಿಲೆಂಡಿನಲ್ಲಿ ಅತಿ ಹೆಚ್ಚು ಒಲಿಂಪಿಕ್ ಚಿನ್ನ ಗೆದ್ದವರಾಗಿದ್ದರು. ಸರ್ಕಾರ ‘ಡೇಮ್’ ಬಿರುದನ್ನೂ ಕೊಟ್ಟಿತು. ದೇಶದೊಳಗೇ ಎದುರಾಳಿಯೂ ಬೆಳೆದು ನಿಂತಿದ್ದರು. ಅದೇ 2021ರಲ್ಲಿ ಕೋಪನ್‌ಹೇಗನ್‌ನಲ್ಲಿ, ಲಿಸಾ ಇಲ್ಲದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ನ್ಯೂಜಿಲೆಂಡಿನವರೇ ಆದ ಏಮಿ ಫಿಶರ್ ಕೆ1 500 ಗೆದ್ದರು.

ಲಿಸಾ ಉಳಿದರು. ಉಳಿದದ್ದಷ್ಟೇ ಅಲ್ಲ, ನಾಲ್ವರ ದೋಣಿಗೆ ಮನಸ್ಸು ಕೊಟ್ಟರು. ಈ ಭಾಗ ನನಗೆ ತುಂಬ ಇಷ್ಟ. ಕೆ4 ದೋಣಿ 11 ಮೀಟರ್ ಉದ್ದ. ನಾಲ್ಕು ಜನರ ಹುಟ್ಟು ಒಂದೇ ಕ್ಷಣಕ್ಕೆ ನೀರು ಮುಟ್ಟಬೇಕು, ಒಂದೇ ಕ್ಷಣಕ್ಕೆ ಮೇಲೇಳಬೇಕು. ಅಲ್ಲಿ ಒಬ್ಬರು ಎಷ್ಟೇ ದೊಡ್ಡವರಾಗಲಿ, ಉಳಿದವರ ಲಯ ತಪ್ಪಿಸಿದರೆ ದೋಣಿಗೆ ಹೊರೆ. ಅಲಿಸಿಯಾ ಹಾಸ್ಕಿನ್, ಒಲಿವಿಯಾ ಬ್ರೆಟ್, ತಾರಾ ವಾನ್ ಮೂವರೂ ಲಿಸಾಗಿಂತ ಎಷ್ಟೋ ಚಿಕ್ಕವರು. ಲಿಸಾ ವಿಶ್ವ ಚಾಂಪಿಯನ್ ಆದಾಗ ಮಕ್ಕಳಾಗಿದ್ದವರು. ಅವರ ಜೊತೆ ದಿನಾ ಅಭ್ಯಾಸ ಮಾಡಿ, ಒಂದು ಲಯ ಕಟ್ಟಿ, 2024ರ ಆಗಸ್ಟ್ 8ರಂದು ಪ್ಯಾರಿಸ್ ಹೊರವಲಯದ ವೇರ್-ಸುರ್-ಮಾರ್ನ್‌ನಲ್ಲಿ ಕೆ4 500 ಚಿನ್ನ ಗೆದ್ದರು. ಮರುದಿನ ಹಾಸ್ಕಿನ್ ಜೊತೆ ಕೆ2 500. ಅದರ ಮರುದಿನ ಕೆ1 500. ಮೂರು ದಿನ, ಮೂರು ಚಿನ್ನ. ಆಗ ಅವರಿಗೆ 35 ವರ್ಷ. ಒಟ್ಟು 8 ಚಿನ್ನ. ಈ ಆಟದಲ್ಲಿ ಅಷ್ಟು ಚಿನ್ನ ಇದ್ದದ್ದು ಜರ್ಮನಿಯ ಬಿರ್ಗಿಟ್ ಫಿಶರ್ ಅವರಿಗೆ ಮಾತ್ರ. ಆಕೆ 1980ರಲ್ಲಿ 18ನೇ ವಯಸ್ಸಿಗೆ ಮೊದಲ ಚಿನ್ನ, 2004ರಲ್ಲಿ 42ನೇ ವಯಸ್ಸಿಗೆ ಕೊನೆಯ ಚಿನ್ನ ಗೆದ್ದವರು.

ಎಡ್ವರ್ಡ್ ಡೀಸಿ ಮತ್ತು ರಿಚರ್ಡ್ ರಯಾನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಮೋಟಿವೇಶನ್ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದರು. ಅವರು ಹೇಳುವುದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಇಷ್ಟು: ಮಾಡುವ ಕೆಲಸದಲ್ಲಿ ನಮ್ಮ ಆಯ್ಕೆಗೆ ಜಾಗ ಇರಬೇಕು, ಕೈ ಪಳಗುತ್ತಿದೆ ಅನ್ನಿಸಬೇಕು, ನಮ್ಮವರು ಅನ್ನುವ ಜನ ಜೊತೆಗಿರಬೇಕು. ಇವು ಇದ್ದಲ್ಲಿ ಹುರುಪು ತಾನಾಗಿ ಉಳಿಯುತ್ತದೆ. ಬೈಗುಳ, ಬಹುಮಾನ, ಹೋಲಿಕೆ ಇವುಗಳಿಂದ ಬಂದ ಹುರುಪು ಅವು ನಿಂತ ದಿನ ನಿಲ್ಲುತ್ತದೆ. ಲಿಸಾ ಬದುಕಿನ ಹೊರರೂಪದಲ್ಲೇ ಇದು ಕಾಣುತ್ತದೆ. ಒಬ್ಬರೇ ಕೋಚ್ ಜೊತೆ ವರ್ಷಾನುವರ್ಷದ ಕೆಲಸ, ತಿದ್ದಲು ಸದಾ ಉಳಿದಿರುವ ತಂತ್ರ, ಕೊನೆಗೆ ನಾಲ್ವರ ದೋಣಿ. ಅಭ್ಯಾಸದ ನಡುವೆಯೇ ಮಾಸ್ಸಿ ವಿಶ್ವವಿದ್ಯಾಲಯದಲ್ಲಿ ರಾಜಕೀಯ ಮತ್ತು ಮಾವೊರಿ ಅಧ್ಯಯನ ಓದಿ ಪದವಿ ಪಡೆದರು. ಇದನ್ನು ನಾನು ಒತ್ತಿ ಹೇಳುತ್ತೇನೆ. ಆಟದಾಚೆಗೂ ತಾನು ಯಾರು ಎಂದು ಗೊತ್ತಿರುವವರಿಗೆ ಒಂದು ಸೋಲು ಬದುಕೇ ಮುಳುಗಿದ ಹಾಗೆ ಅನ್ನಿಸುವುದಿಲ್ಲ. “ಓದು ಬಿಡಿಸಿದ್ದೇವೆ, ಪೂರ್ತಿ ಆಟಕ್ಕೇ ಹಾಕಿದ್ದೇವೆ” ಎಂದು ಹೆಮ್ಮೆಯಿಂದ ಹೇಳುವ ಪೋಷಕರನ್ನು ಕಂಡಾಗ ನನಗೆ ಭಯವಾಗುತ್ತದೆ.

ಹಾಗಾಗಿ “ಮೋಟಿವೇಟ್ ಮಾಡಿ” ಎಂದು ಬಂದವರಿಗೆ ನಾನು ಭಾಷಣ ಕೊಡುವುದಿಲ್ಲ. ಅಪ್ಪ ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಮಗುವಿನ ಜೊತೆ ಮಾತಾಡುತ್ತೇನೆ. ಈ ವಾರ ಅಭ್ಯಾಸದಲ್ಲಿ ಏನನ್ನು ಹೊಸದಾಗಿ ತಿದ್ದಿಕೊಂಡೆ? ನಿನ್ನ ತರಬೇತಿಯಲ್ಲಿ ನೀನೇ ತೀರ್ಮಾನ ಮಾಡಿದ್ದು ಏನಾದರೂ ಇದೆಯಾ? ಅಭ್ಯಾಸಕ್ಕೆ ಹೋದರೆ ಯಾರನ್ನು ನೋಡಿ ಖುಷಿ ಆಗುತ್ತೆ? ಮೂರಕ್ಕೂ ಉತ್ತರ ಇಲ್ಲದಿದ್ದರೆ ಕೋಚ್ ಜೊತೆ ಕೂತು ಅಭ್ಯಾಸದ ವ್ಯವಸ್ಥೆಯನ್ನೇ ಬದಲಿಸಲು ನೋಡುತ್ತೇವೆ. ವಾರದಲ್ಲಿ ಒಂದು ಸೆಷನ್ ಮಗುವೇ ರೂಪಿಸಲಿ ಎನ್ನುತ್ತೇನೆ. ಟೈಮಿಂಗ್ ಬದಲು ಒಂದು ತಂತ್ರದ ಅಂಶವನ್ನು ಡೈರಿಯಲ್ಲಿ ಬರೆಯಿಸುತ್ತೇವೆ. ಒಂಟಿಯಾಗಿ ಅಭ್ಯಾಸ ಮಾಡುವವಳಿದ್ದರೆ ಜೊತೆ ಹುಡುಕುತ್ತೇವೆ.

ಇದಕ್ಕೂ ಮೊದಲು ಒಂದು ಕೆಲಸ ಇರುತ್ತದೆ. ಚೆನ್ನಾಗಿಯೇ ಆಡುತ್ತಿದ್ದ ಮಗು ಕೆಲವು ವಾರಗಳಿಂದ ಮಂಕಾಗಿದ್ದರೆ ಅದನ್ನು ಮನಸ್ಸಿನ ವಿಷಯ ಎಂದು ನೇರವಾಗಿ ತೀರ್ಮಾನಿಸಬೇಡಿ. ಎಷ್ಟು ಗಂಟೆ ನಿದ್ದೆ ಮಾಡುತ್ತಿದ್ದಾಳೆ, ಹೊಟ್ಟೆ ತುಂಬ ತಿನ್ನುತ್ತಿದ್ದಾಳಾ, ಮುಟ್ಟು ಸರಿಯಾಗಿ ಆಗುತ್ತಿದೆಯಾ ಕೇಳಿ. ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ಮೈಯಲ್ಲಿ ಎಷ್ಟು ಕಬ್ಬಿಣಾಂಶ ಸಂಗ್ರಹವಿದೆ ಎಂದು ತೋರಿಸುವುದು) ಪರೀಕ್ಷೆ ಮಾಡಿಸಿ. ನಮ್ಮ ಹುಡುಗಿಯರಲ್ಲಿ ಕಬ್ಬಿಣಾಂಶದ ಕೊರತೆ ಬಹಳ ಸಾಮಾನ್ಯ. ಗೆಲ್ಲುವ ಹಸಿವಿಲ್ಲ ಎಂದು ಕರೆತಂದ ಎಷ್ಟೋ ಮಕ್ಕಳನ್ನು ನಾನು ಮೊದಲು ಕಳುಹಿಸುವುದು ಡಾಕ್ಟರ ಬಳಿಗೆ. ಆ ವರದಿ ಬಂದ ಮೇಲೆ ನಮ್ಮ ಮಾತು ಶುರುವಾಗುತ್ತದೆ.