ಕೈಗುಣವಲ್ಲ, ಕೈಬೆವರು

ಹುಬ್ಬಳ್ಳಿಯ ರಿಪೇರಿ ಅಂಗಡಿಗಳಲ್ಲಿ ಕೈಗುಣದ ಮಾತು ಇನ್ನೂ ಚಾಲ್ತಿಯಲ್ಲಿದೆ. "ಅವರ ಕೈಗುಣ ಛಲೋ ಐತ್ರಿ, ಮುಟ್ಟಿದ್ರ ಸಾಕು ಸೆಟ್ ಚಾಲೂ ಆಗ್ತದ" ಅನ್ನುತ್ತಾರೆ. ಕೆಟ್ಟರೆ ಅದಕ್ಕೂ ಕೈಗುಣವೇ ಕಾರಣ. ಇದನ್ನು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಕೈಯಿಂದಲೇ ಟ್ರಾನ್ಸಿಸ್ಟರ್ ಕೆಟ್ಟ ನಿಜವಾದ ಕಥೆ ಇದೆ, ಅದನ್ನು ಯಾರೂ ಹೇಳುವುದಿಲ್ಲ.

1960ರ ದಶಕ. ಸಿಲಿಕಾನ್ ಮೇಲೆ ಆಕ್ಸೈಡಿನ ತೆಳು ಪದರ, ಅದರ ಮೇಲೆ ಆನ್-ಆಫ್ ಮಾಡುವ ವೋಲ್ಟೇಜ್ ಕೊಡಲು ಲೋಹದ ಗೇಟ್ ಇರುವ ಮಾಸ್ (MOS) ಟ್ರಾನ್ಸಿಸ್ಟರ್ ಆಗಷ್ಟೇ ಬಂದಿತ್ತು. ಆದರೆ ನಂಬುವಂತಿರಲಿಲ್ಲ. ಬಿಸಿಯಲ್ಲಿ ಸ್ವಲ್ಪ ಹೊತ್ತು ದುಡಿದರೆ ಅದು ಆನ್ ಆಗುವ ವೋಲ್ಟೇಜೇ ಸರಿದುಬಿಡುತ್ತಿತ್ತು. 1965ರಲ್ಲಿ ಫೇರ್‌ಚೈಲ್ಡ್ ಕಂಪನಿಯ ಸ್ನೋ, ಡೀಲ್, ಚಿ-ತಾಂಗ್ ಸಾ ಮತ್ತು ಮುಂದೆ ಇಂಟೆಲ್ ನಡೆಸಿದ ಆಂಡಿ ಗ್ರೋವ್ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಕಾರಣ ಸೋಡಿಯಂ ಅಯಾನು, ಅಂದರೆ ಧನಾವೇಶ ಹೊತ್ತ ಸೋಡಿಯಂ ಪರಮಾಣು. ಅದು ಬೆವರಿನಲ್ಲಿತ್ತು, ಕುಲುಮೆಯ ಕೊಳವೆಯಲ್ಲಿತ್ತು, ಲೋಹವನ್ನು ಆವಿ ಮಾಡುವ ಟಂಗ್‌ಸ್ಟನ್ ತಂತಿಯಲ್ಲೂ ಇತ್ತು.

ಆಕ್ಸೈಡ್ ಅವಾಹಕ, ಅದರೊಳಗೆ ಏನೂ ಚಲಿಸದು ಎಂದು ಪಿಯುಸಿಯಿಂದ ಗಿಳಿಪಾಠ ಮಾಡಿಸುತ್ತೇವೆ. ಅಲ್ಲಿ ಚಲಿಸದಿರುವುದು ಎಲೆಕ್ಟ್ರಾನ್. ಈ ಆಕ್ಸೈಡೂ ಗಾಜಿನ ಜಾತಿಯದೇ, ಮತ್ತು ಗಾಜಿನ ಮೂಲಕ ಸೋಡಿಯಂ ಹಾದುಹೋಗುತ್ತದೆಂದು ಜರ್ಮನ್ ಭೌತವಿಜ್ಞಾನಿ ಎಮಿಲ್ ವಾರ್‌ಬರ್ಗ್ 1884ರಷ್ಟು ಹಿಂದೆಯೇ ತೋರಿಸಿದ್ದರು! ಸಿಲಿಕಾನ್-ಆಮ್ಲಜನಕದ ಜಾಲದಲ್ಲಿ ಸಂದುಗಳಿರುತ್ತವೆ. ಸಣ್ಣ ಗಾತ್ರದ ಸೋಡಿಯಂ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ಬಿಸಿ ಏರಿದಷ್ಟೂ ಜಿಗಿತ ಹೆಚ್ಚು. ದೊಡ್ಡ ಗಾತ್ರದ ಪೊಟ್ಯಾಸಿಯಂ ಅಷ್ಟು ಚುರುಕಲ್ಲ. ಜಿಗಿತಕ್ಕೆ ದಿಕ್ಕು ಕೊಡುವುದು ಗೇಟ್. 100 ನ್ಯಾನೊಮೀಟರ್ ಪದರದ ಮೇಲೆ ಬರೀ 10 ವೋಲ್ಟ್ ಹಾಕಿದರೂ ಸೆಂಟಿಮೀಟರಿಗೆ 10 ಲಕ್ಷ ವೋಲ್ಟಿನ ಕ್ಷೇತ್ರ.

ಇಲ್ಲಿಯೇ ನನಗೆ ಅತ್ಯಂತ ಇಷ್ಟವಾದ ಸಂಗತಿ ಇರುವುದು. ಅಯಾನುಗಳ ಸಂಖ್ಯೆ ಬದಲಾಗುವುದೇ ಇಲ್ಲ, ಜಾಗ ಮಾತ್ರ ಬದಲಾಗುತ್ತದೆ. ಅಯಾನು ಗೇಟಿನ ಪಕ್ಕ ಇದ್ದರೆ ಅದರ ಧನಾವೇಶಕ್ಕೆ ಲೋಹದ ಎಲೆಕ್ಟ್ರಾನುಗಳೇ ಉತ್ತರ ಕೊಡುತ್ತವೆ, ಸಿಲಿಕಾನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಅದೇ ಅಯಾನು ಆಚೆ ಬದಿಗೆ ಸರಿದರೆ ಸಿಲಿಕಾನಿನ ಎಲೆಕ್ಟ್ರಾನುಗಳನ್ನು ಎಳೆದು ಕೂಡಿಸುತ್ತದೆ. ಎಲೆಕ್ಟ್ರಾನುಗಳು ಕೂಡಿದಾಗ ಆನ್ ಆಗುವ ಎನ್-ಚಾನೆಲ್ ಟ್ರಾನ್ಸಿಸ್ಟರ್, ಗೇಟಿಗೆ ವೋಲ್ಟೇಜ್ ಕೊಡದಿದ್ದರೂ ಆನ್ ಆಗಿ ಕೂರಬಹುದು. ಬಿಸಿ ಮಾಡಿ ಉಲ್ಟಾ ವೋಲ್ಟೇಜ್ ಕೊಟ್ಟರೆ ಸೋಡಿಯಂ ವಾಪಸ್. ದೋಷ ಹೀಗೆ ಹೋಗಿ ಬಂದು ಮಾಡಿದ್ದರಿಂದಲೇ ಅಯಾನು ಸಿಕ್ಕಿಬಿದ್ದದ್ದು. ಕೈಗುಣವನ್ನು ಯಾರಾದರೂ ಹೀಗೆ ಪರೀಕ್ಷಿಸಿದ್ದಾರೆಯೇ?

ಚದರ ಸೆಂಟಿಮೀಟರಿಗೆ 10,000 ಕೋಟಿ ಅಯಾನುಗಳು ಸರಿದರೆ ಸುಮಾರು ಅರ್ಧ ವೋಲ್ಟ್ ವ್ಯತ್ಯಾಸ. ದೊಡ್ಡ ಸಂಖ್ಯೆ ಎನಿಸಬಹುದು, ಆದರೆ ಮೇಲ್ಮೈಯ ಸುಮಾರು 7,000 ಸಿಲಿಕಾನ್ ಪರಮಾಣುಗಳಿಗೆ ಒಂದೇ ಒಂದು ಸೋಡಿಯಂ ಅಷ್ಟೇ. 0.3 ಮಿಲಿಮೀಟರಿನ ಒಂದು ಹರಳು ಉಪ್ಪಿನಲ್ಲಿರುವ ಸೋಡಿಯಂ, ನವನಗರದ 30-40ರ ಐದು ಸೈಟಿನಷ್ಟು ಸಿಲಿಕಾನನ್ನು ಕೆಡಿಸಲು ಸಾಕು.

ಪರಿಹಾರಗಳು ಒಂದೊಂದಾಗಿ ಬಂದವು. ತಂತಿ ಬಿಟ್ಟು ಎಲೆಕ್ಟ್ರಾನ್ ಕಿರಣದಿಂದ ಲೋಹ ಆವಿ ಮಾಡಿದರು, ರಂಜಕ ಬೆರೆತ ಗಾಜಿನ ಪದರದಲ್ಲಿ ಸೋಡಿಯಂ ಸೆರೆಹಿಡಿದರು, ಮೇಲೆ ಸಿಲಿಕಾನ್ ನೈಟ್ರೈಡ್ ಹೊದಿಸಿದರು. ಅಲ್ಲಿಯವರೆಗೆ ಇದಕ್ಕೆ ಉಲ್ಟಾ, ಅಂದರೆ ಗೇಟಿಗೆ ಋಣ ವೋಲ್ಟೇಜ್ ಕೊಟ್ಟಾಗ ಆನ್ ಆಗುವ ಪಿ-ಚಾನೆಲ್ ಟ್ರಾನ್ಸಿಸ್ಟರ್ ಹೆಚ್ಚು ಸುರಕ್ಷಿತವಾಗಿತ್ತು. ಆ ಋಣ ವೋಲ್ಟೇಜಿನಿಂದ ಸೋಡಿಯಂ ಗೇಟಿನ ಕಡೆಗೇ ಹೋಗಿ ತೆಪ್ಪಗಿರುತ್ತದೆ. 1971ರ ಇಂಟೆಲ್ 4004 ಮೈಕ್ರೊಪ್ರೊಸೆಸರ್ ಕೂಡ ಪಿ-ಚಾನೆಲ್ಲಿನದೇ.