ಇಸುಬಿಗೆ ಯಾವ ಎಣ್ಣೆ ಹಚ್ಚಲಿ?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ ಚರ್ಮ ಒಣಗಿ, ಕೆಂಪಾಗಿ, ರಾತ್ರಿಯೆಲ್ಲ ತುರಿಕೆ. ವೈದ್ಯರು ಎಸ್ಜಿಮಾ (ಇಸುಬು) ಎಂದು ಹೇಳಿ ಮುಲಾಮು ಬರೆದುಕೊಟ್ಟಿದ್ದಾರೆ. ಅತ್ತೆ "ಕೊಬ್ಬರಿ ಎಣ್ಣೆ ಸಾಕು" ಎನ್ನುತ್ತಾರೆ. ಅಕ್ಕ ಆಲಿವ್ ಎಣ್ಣೆ ತಂದುಕೊಟ್ಟಿದ್ದಾಳೆ. ಗೆಳತಿಯೊಬ್ಬಳು ಸ್ನಾನದ ನೀರಿಗೆ ಲ್ಯಾವೆಂಡರ್, ಟೀ ಟ್ರೀ ಎಣ್ಣೆ ಎರಡೆರಡು ಹನಿ ಹಾಕು ಅಂದಳು. ಯಾರ ಮಾತು ಕೇಳಲಿ?

ಉತ್ತರ: ಊರು ಬೇರೆ, ಮಗುವಿನ ವಯಸ್ಸು ಬೇರೆ, ಆದರೆ ಎಣ್ಣೆಗಳ ಈ ಪಟ್ಟಿ ಮಾತ್ರ ಕೇಳಿದವರೆಲ್ಲರದೂ ಒಂದೇ. ಮೊದಲು ತೀರ್ಪು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮ್ಮ ಅತ್ತೆಯವರ ಮಾತು ಮುಕ್ಕಾಲು ಪಾಲು ಸರಿ. ಅಕ್ಕ ಕೊಟ್ಟ ಬಾಟಲಿ ಅಡುಗೆಮನೆಗೆ ಹೋಗಲಿ. ಗೆಳತಿ ಹೇಳಿದ ಪುಟ್ಟ ಸೀಸೆಗಳನ್ನು ಇನ್ನೂ ಕೊಂಡಿಲ್ಲದಿದ್ದರೆ ಕೊಳ್ಳಬೇಡಿ. ಕೊಂಡಿದ್ದರೆ ಮಗುವಿನ ಕೈಗೆ ಸಿಗದ ಕಡೆ ಎತ್ತಿಡಿ. ವೈದ್ಯರ ಮುಲಾಮನ್ನು ಮಾತ್ರ ಇವುಗಳಲ್ಲಿ ಯಾವುದಕ್ಕಾಗಿಯೂ ಬಿಡಬೇಡಿ.

ಗೊಂದಲ ಹುಟ್ಟುವುದೇ 'ಎಣ್ಣೆ' ಎಂಬ ಮಾತಿನಿಂದ. ಕೊಬ್ಬರಿ, ಎಳ್ಳು, ಸೂರ್ಯಕಾಂತಿ, ಶೇಂಗಾ ಎಣ್ಣೆಗಳು ಕಾಳು ಕಾಯಿಗಳನ್ನು ಅರೆದು ಹಿಂಡಿ ತೆಗೆಯುವ ಜಿಡ್ಡು. ಕಾಗದದ ಮೇಲೆ ಒಂದು ಹನಿ ಬಿದ್ದರೆ ಕಲೆ ಹಾಗೇ ನಿಲ್ಲುತ್ತದೆ. ಲ್ಯಾವೆಂಡರ್, ಟೀ ಟ್ರೀ, ಊಟಿಗೆ ಹೋದವರೆಲ್ಲ ತರುವ ನೀಲಗಿರಿ ಎಣ್ಣೆ, ಇವು ಎಲೆ ಹೂಗಳನ್ನು ಹಬೆಯಲ್ಲಿ ಬೇಯಿಸಿ ಭಟ್ಟಿ ಇಳಿಸಿದ ಸುಗಂಧದ ಸಾರ. ಕಾಗದದ ಮೇಲಿನ ಹನಿ ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಮೈಸೂರು ಸರ್ಕಾರ 1916ರಲ್ಲಿ ಮರದ ಚಕ್ಕೆಯಿಂದ ಭಟ್ಟಿ ಇಳಿಸಲು ಶುರುಮಾಡಿದ ಗಂಧದೆಣ್ಣೆಯೂ ಇದೇ ಜಾತಿಯದು. ಮೊದಲನೆಯ ಬಗೆ ಚರ್ಮಕ್ಕೆ ಹೊದಿಕೆಯಾಗುತ್ತದೆ. ಎರಡನೆಯದಕ್ಕೆ ಹೊದಿಸುವ ಗುಣವೇ ಇಲ್ಲ, ಅದು ಒಳಕ್ಕೆ ನುಗ್ಗುತ್ತದೆ. (ಇನ್ನೊಂದು ಗೊಂದಲವೂ ಉಂಟು: ಲ್ಯಾವೆಂಡರ್ ಅಂದರೆ ನಮ್ಮ ಲಾವಂಚ ಎಂದುಕೊಂಡವರು ಬಹಳ. ಲಾವಂಚ ಹುಲ್ಲಿನ ಬೇರು, ಲ್ಯಾವೆಂಡರ್ ಹೂವು. ಹೆಸರು ಬಿಟ್ಟರೆ ಬೇರೆ ನಂಟಿಲ್ಲ.)

ಚರ್ಮದ ಹೊರಪದರವನ್ನು ಗೋಡೆಗೆ ಹೋಲಿಸುವುದು ಚರ್ಮವೈದ್ಯರ ರೂಢಿ. ಸತ್ತ ಜೀವಕೋಶಗಳು ಇಟ್ಟಿಗೆ. ಅವುಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳು ಬೆರೆತ ಗಾರೆ. ಇಸುಬಿನ ಚರ್ಮವೆಂದರೆ ಗಾರೆ ಉದುರಿದ ಗೋಡೆ. ಈ ಗೋಡೆಗೆ ಬೇಕಾದ ಫಿಲಾಗ್ರಿನ್ ಎಂಬ ಪ್ರೋಟೀನನ್ನು ಮಾಡುವ ವಂಶವಾಹಿಯಲ್ಲಿ ದೋಷವಿದ್ದರೆ ಎಸ್ಜಿಮಾದ ಸಂಭವ ಹೆಚ್ಚೆಂದು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸಂಶೋಧಕರ ತಂಡ 2006ರಲ್ಲಿ ತೋರಿಸಿಕೊಟ್ಟಿತು. ಸಂದಿನಿಂದ ಒಳಗಿನ ನೀರು ಹೊರಗೆ ಆರುತ್ತದೆ; ಹೊರಗಿನ ಧೂಳು, ಸೋಪು, ಬ್ಯಾಕ್ಟೀರಿಯಾ ಒಳಗೆ ಇಳಿಯುತ್ತವೆ. ದೇಹ ಅದನ್ನು ದಾಳಿಯೆಂದು ಬಗೆದು ಉರಿಯೂತ ಎಬ್ಬಿಸುತ್ತದೆ. ತುರಿಕೆ ಶುರು. ತುರಿಸಿದಷ್ಟೂ ಗೋಡೆ ಇನ್ನಷ್ಟು ಕುಸಿಯುತ್ತದೆ.

ಎಣ್ಣೆ ಮಾಡಬಲ್ಲದ್ದು ಇಷ್ಟು: ಬಿದ್ದ ಗಾರೆಯ ಜಾಗದಲ್ಲಿ ಕೆಲವು ಗಂಟೆಗಳ ಮಟ್ಟಿಗೆ ಮೆತ್ತಿಕೊಂಡು ನೀರು ಆರದಂತೆ ನೋಡಿಕೊಳ್ಳುವುದು. ಎದ್ದ ಉರಿಯೂತವನ್ನು ಇಳಿಸುವುದು ಅದರ ಕೆಲಸವಲ್ಲ.

ಹಾಗಾದರೆ ಯಾವ ಎಣ್ಣೆಯಾದರೂ ಒಂದೇ ಅಲ್ಲವೇ? ಅಲ್ಲ. ಆಲಿವ್ ಎಣ್ಣೆಯ ಕತೆ ಕೇಳಿ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ 19 ಮಂದಿ ವಯಸ್ಕರ ಮುಂಗೈಗೆ ಕೆಲವು ವಾರಗಳ ಕಾಲ ಎಣ್ಣೆ ಹಚ್ಚಿ ನೋಡಿದರು; ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಆಲಿವ್ ಹಚ್ಚಿದ ಕಡೆ ಚರ್ಮದ ಹೊರಪದರ ಸಡಿಲವಾಗಿತ್ತು, ನಸುಗೆಂಪೂ ಕಂಡಿತು. ಹಿಂದೆ ಎಸ್ಜಿಮಾ ಆಗಿದ್ದವರಲ್ಲಿ ಮಾತ್ರವಲ್ಲ, ಆಗದವರಲ್ಲೂ. ಸೂರ್ಯಕಾಂತಿ ಎಣ್ಣೆ ಹಚ್ಚಿದ ಕಡೆ ಹಾಗಾಗಲಿಲ್ಲ. ಚಿಕ್ಕ ಅಧ್ಯಯನವೇ, ಆದರೆ ಅದು ಹೇಳುವ ಕಾರಣ ಗಟ್ಟಿ. ಆಲಿವ್ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಓಲಿಯಿಕ್ ಆಮ್ಲ. ಇದು ಗಾರೆಯನ್ನು ಕದಡುವ ವಸ್ತು. ಔಷಧ ಚರ್ಮದೊಳಗೆ ಬೇಗ ಇಳಿಯಲಿ ಎಂದು ಬೇಕೆಂದೇ ಬಳಸುವುದೂ ಉಂಟು. ಬಾದಾಮಿ ಎಣ್ಣೆಯಲ್ಲೂ ಇದರದೇ ಮೇಲುಗೈ, ಹಾಗಾಗಿ ದುಬಾರಿಯದ್ದು ಒಳ್ಳೆಯದೇ ಇರಬೇಕು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಮುಖ್ಯವಾಗಿರುವುದು ಲಿನೋಲಿಯಿಕ್ ಆಮ್ಲ. ದೇಹ ಸೆರಮೈಡ್ ಕಟ್ಟಲು ಬಳಸುವ ಸಾಮಗ್ರಿ ಇದು. ಉತ್ತರ ಕರ್ನಾಟಕದವರಿಗೆ ಪರಿಚಿತವಾದ ಕುಸುಬೆ ಎಣ್ಣೆಯಲ್ಲಿ ಇದರ ಪಾಲು ನೂರಕ್ಕೆ ಸುಮಾರು 70. ಕುಸುಬೆಯನ್ನು ಇಸುಬಿಗೆ ಹಚ್ಚಿ ನಡೆಸಿದ ದೊಡ್ಡ ಪರೀಕ್ಷೆಯೇನೂ ನನ್ನ ಕೈಲಿಲ್ಲ, ಆದರೆ ಆಲಿವ್, ಕುಸುಬೆ ಎರಡನ್ನೂ ಮುಂದಿಟ್ಟರೆ ನಾನು ಕೈಹಾಕುವುದು ಕುಸುಬೆಗೇ.

ಇನ್ನು ಅತ್ತೆಯವರ ಕೊಬ್ಬರಿ ಎಣ್ಣೆ. ಇದರ ಬೆನ್ನಿಗೆ ಒಂದಿಷ್ಟು ಪುರಾವೆ ಇದೆ, ಅದೂ ನಮ್ಮ ಹಾಗೆ ತೆಂಗು ಬೆಳೆಯುವ ಫಿಲಿಪ್ಪೀನ್ಸ್‌ನಿಂದ. ಅಲ್ಲಿ ಸಣ್ಣ ಮತ್ತು ಮಧ್ಯಮ ಪ್ರಮಾಣದ ಎಸ್ಜಿಮಾ ಇದ್ದ 117 ಮಕ್ಕಳಲ್ಲಿ ಒಂದು ಗುಂಪಿಗೆ ವರ್ಜಿನ್ ಕೊಬ್ಬರಿ ಎಣ್ಣೆ, ಇನ್ನೊಂದಕ್ಕೆ ಪೆಟ್ರೋಲಿಯಂನಿಂದ ಬರುವ ಖನಿಜ ಎಣ್ಣೆ ಕೊಟ್ಟು 8 ವಾರ ನೋಡಿದರು. ಕಾಯಿಲೆಯ ತೀವ್ರತೆ ಅಳೆಯುವ ಅಂಕ ಕೊಬ್ಬರಿ ಗುಂಪಿನಲ್ಲಿ ಶೇ. 68ರಷ್ಟು ಇಳಿಯಿತು, ಇನ್ನೊಂದರಲ್ಲಿ ಶೇ. 38ರಷ್ಟು. 2014ರಲ್ಲಿ ಬಂದ ವರದಿ ಇದು. ಅದಕ್ಕೂ ಮೊದಲು, 2008ರಲ್ಲಿ, ಅಲ್ಲಿಯೇ 52 ವಯಸ್ಕರ ಮೇಲೆ ಕೊಬ್ಬರಿ ಮತ್ತು ಆಲಿವ್ ಎಣ್ಣೆಗಳನ್ನು ಹೋಲಿಸಿದ್ದರು. ಇಸುಬಿನ ಚರ್ಮದಲ್ಲಿ ಬೀಡುಬಿಟ್ಟು ಕಾಟ ಕೊಡುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಕೊಬ್ಬರಿ ಗುಂಪಿನ 20 ಮಂದಿಯಲ್ಲಿತ್ತು. 4 ವಾರದ ನಂತರ ಒಬ್ಬರಲ್ಲಷ್ಟೇ ಉಳಿಯಿತು. ಆಲಿವ್ ಗುಂಪಿನ 12ರಲ್ಲಿ 6 ಮಂದಿಯಲ್ಲಿ ಹಾಗೇ ಇತ್ತು. ಕೊಬ್ಬರಿ ಎಣ್ಣೆಯ ಕೊಬ್ಬಿನಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲ, ಅದಕ್ಕೆ ಈ ಬ್ಯಾಕ್ಟೀರಿಯಾವನ್ನು ಹತ್ತಿಕ್ಕುವ ಗುಣವಿದೆ. ಅವರು ಬಳಸಿದ್ದು ವರ್ಜಿನ್ ಎಣ್ಣೆ, ಅಂದರೆ ಹಸಿ ತೆಂಗಿನಕಾಯಿಯಿಂದ ತೆಗೆದದ್ದು. ನಮ್ಮದು ಒಣಕೊಬ್ಬರಿಯದು. ಕೊಬ್ಬಿನ ಆಮ್ಲಗಳ ಲೆಕ್ಕದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

ಕೊಳ್ಳುವಾಗ ಒಂದೇ ಎಚ್ಚರ: ಬಾಟಲಿಯ ಹಿಂದೆ ಕೊಬ್ಬರಿ ಎಣ್ಣೆ ಬಿಟ್ಟು ಇನ್ನೊಂದು ಪದಾರ್ಥದ ಹೆಸರಿರಬಾರದು. ಮಲ್ಲಿಗೆ ಘಮದ ತಲೆಯೆಣ್ಣೆ ಬೇಡ. ಪುಟ್ಟ ಬಾಟಲಿಯ ಶುದ್ಧ ಕೊಬ್ಬರಿ ಎಣ್ಣೆ ಅಡುಗೆಯದೋ ಕೂದಲಿನದೋ ಎಂಬ ತೆರಿಗೆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2024ರ ಡಿಸೆಂಬರಿನಲ್ಲಿ ಅಡುಗೆಯದೇ ಎಂದು ತೀರ್ಮಾನವಾಯಿತು. ನಿಮಗೂ ಅದೇ ಅಳತೆ ಇರಲಿ: ಒಗ್ಗರಣೆಗೆ ಹಾಕಬಹುದಾದ ಎಣ್ಣೆಯನ್ನೇ ಮಗಳಿಗೆ ಹಚ್ಚಿ.

ಆದರೆ ಶೇಂಗಾ ಎಣ್ಣೆಗೆ ಈ ಅಳತೆ ಹೊಂದುವುದಿಲ್ಲ. ಗಾಣದ ಎಣ್ಣೆಯ ಮೇಲೆ ಈಗ ಎಲ್ಲರಿಗೂ ಪ್ರೀತಿ, ತಿನ್ನಲು ಒಳ್ಳೆಯದೇ. ಆದರೆ ಸಂಸ್ಕರಿಸದ ಗಾಣದೆಣ್ಣೆಯಲ್ಲಿ ಕಾಳಿನ ಪ್ರೋಟೀನ್ ಉಳಿದಿರುತ್ತದೆ. ಬಿರಿದ ಚರ್ಮದ ಮೂಲಕ ಅದು ಒಳಹೊಕ್ಕರೆ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳಬಹುದು. ಕೂಸಾಗಿದ್ದಾಗ ಶೇಂಗಾ ಎಣ್ಣೆಯಿದ್ದ ಮುಲಾಮು ಹಚ್ಚಿಸಿಕೊಂಡ ಮಕ್ಕಳಲ್ಲಿ ಶೇಂಗಾ ಅಲರ್ಜಿ ಹೆಚ್ಚಾಗಿ ಕಂಡದ್ದು 2003ರಲ್ಲಿ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಹೊರಬಂತು. ಸಾಸಿವೆ ಎಣ್ಣೆ ಉರಿಸುತ್ತದೆ, ಬಿಡಿ. ಬೇವು, ಹೊಂಗೆ ಎಣ್ಣೆಗಳನ್ನು ಹಳ್ಳಿಯಲ್ಲಿ ಕಜ್ಜಿಗೆ ಹಚ್ಚುವುದುಂಟು; ಕಜ್ಜಿ ಬೇರೆ, ಇಸುಬು ಬೇರೆ. ಬೇವಿನೆಣ್ಣೆಯಂತೂ ಮಗುವಿನ ಬಾಯಿಗೆ ಹೋದರೆ ಅಪಾಯ.

ಗೆಳತಿಯ ಸೀಸೆಗಳಿಗೆ ಬರೋಣ. ಇಲ್ಲಿ ನಾನು ಸ್ವಲ್ಪ ಕಠಿಣ. ಎರಡು ಹನಿ ಬಕೆಟ್ಟಿಗೆ ಹಾಕಿದರೆ ಅದು ನೀರಲ್ಲಿ ಕರಗುವುದಿಲ್ಲ, ಮೇಲೆ ತೇಲುತ್ತದೆ. ಚೆಂಬಿನಲ್ಲಿ ಮೊಗೆದಾಗ ಆ ಹನಿ ನೀರು ಬೆರೆಯದೆ ಹಾಗೆಯೇ ಮಗುವಿನ ಚರ್ಮಕ್ಕೆ ಅಂಟುತ್ತದೆ, ಅದೂ ಗಾರೆಯಿಲ್ಲದ ಚರ್ಮಕ್ಕೆ. ಲ್ಯಾವೆಂಡರ್‌ನ ಮುಖ್ಯ ಘಟಕ ಲಿನಲೂಲ್. ಸೀಸೆಯ ಮುಚ್ಚಳ ತೆಗೆದು ಗಾಳಿ ತಾಗುತ್ತ ಬಂದಂತೆ ಅದು ಹೈಡ್ರೋಪೆರಾಕ್ಸೈಡ್ ಎಂಬ ವಸ್ತುವಾಗಿ ಮಾರ್ಪಡುತ್ತದೆ. ಚರ್ಮದ ಅಲರ್ಜಿ ತರುವುದರಲ್ಲಿ ಅದು ಹೆಸರುವಾಸಿ. ಆಸ್ಟ್ರೇಲಿಯಾ ಮೂಲದ ಟೀ ಟ್ರೀ ಎಣ್ಣೆಯೂ ಹಳತಾದಷ್ಟು ಕೆಡುಕು. ಇಂಥ ಅಲರ್ಜಿ ಒಮ್ಮೆ ಅಂಟಿದರೆ ಸಾಮಾನ್ಯವಾಗಿ ಬಿಡುವುದಿಲ್ಲ. ಲಿನಲೂಲ್ ಇರುವ ಸೋಪು, ಶಾಂಪೂ, ಕ್ರೀಮು ಎಲ್ಲದಕ್ಕೂ ಮುಂದೆ ಚರ್ಮ ಸಿಡುಕುತ್ತದೆ. ಟೀ ಟ್ರೀ ಎಣ್ಣೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂಬುದು ನಿಜ. ಕೊಬ್ಬರಿ ಎಣ್ಣೆ ಇಷ್ಟು ಗೊಂದಲವಿಲ್ಲದೆ ಅದರಲ್ಲಿ ಒಂದು ಪಾಲು ಮಾಡುತ್ತಿರುವಾಗ ಅದು ಯಾಕೆ?

"ನೈಸರ್ಗಿಕ ಅಲ್ವಾ?" ಎಂದು ಕೇಳುತ್ತಾರೆ. ಗೇರುಬೀಜದ ಸಿಪ್ಪೆಯ ಸೊನೆಯೂ ನೈಸರ್ಗಿಕವೇ. ಕರಾವಳಿಯಲ್ಲಿ ಬೀಜ ಸುಟ್ಟು ತಿಂದು ಬೆಳೆದವರನ್ನು ಅದು ತಾಗಿದರೆ ಏನಾಗುತ್ತದೆಂದು ಕೇಳಿ ನೋಡಿ.

ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಹಚ್ಚುವ ಮನೆಮದ್ದು ನಮ್ಮಲ್ಲಿ ಬಲು ಹಳೆಯದು. ತಣ್ಣಗೆನಿಸಿ ತುರಿಕೆ ಮರೆಯುತ್ತದೆ, ಅಷ್ಟು ಹೊತ್ತು ಮಾತ್ರ. ಕರ್ಪೂರ ಚರ್ಮದಿಂದ ರಕ್ತಕ್ಕೆ ಸೇರುತ್ತದೆ, ಚಿಕ್ಕ ಮಕ್ಕಳಲ್ಲಿ ಫಿಟ್ಸ್ ಬಂದದ್ದಿದೆ. ಅಮೆರಿಕದಲ್ಲಿ ಹಚ್ಚುವ ಔಷಧಗಳಲ್ಲಿ ಕರ್ಪೂರ ಶೇ. 11 ಮೀರಬಾರದೆಂದು 1983ರಲ್ಲೇ ಮಿತಿ ಹಾಕಿದರು. ಮನೆಯಲ್ಲಿ ಅಂದಾಜಿಗೆ ಹಾಕುವ ನಾಲ್ಕು ಬಿಲ್ಲೆ ಎಷ್ಟು ಶೇಕಡಾ ಎಂದು ಯಾರು ಅಳೆಯುತ್ತಾರೆ?

ಅತ್ತೆಯವರ ಮಾತಿಗೆ ಪೂರ್ತಿ ಅಂಕ ಯಾಕೆ ಕೊಡಲಿಲ್ಲವೆಂದರೆ, ಎಣ್ಣೆ ಸರಿಯಿದ್ದರೂ ನಮ್ಮಲ್ಲಿ ಹಚ್ಚುವ ಹೊತ್ತು ತಪ್ಪು. ಅಭ್ಯಂಜನದಲ್ಲಿ ಮೊದಲು ಎಣ್ಣೆ ತೀಡಿ, ನೆನೆಯಲು ಬಿಟ್ಟು, ಹಂಡೆಯ ಸುಡುನೀರು ಎರೆದು, ಸೀಗೆಪುಡಿಯಲ್ಲೋ ಕಡಲೆಹಿಟ್ಟಿನಲ್ಲೋ ಜಿಡ್ಡೆಲ್ಲ ಹೋಗುವಂತೆ ಉಜ್ಜುತ್ತೇವೆ. ಗಟ್ಟಿ ಚರ್ಮಕ್ಕೆ ಅದು ಸುಖ. ಇಸುಬಿಗೆ ಇದು ಪೂರಾ ತಿರುವುಮುರುವಾಗಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಐದು-ಹತ್ತು ನಿಮಿಷದ ಸ್ನಾನ. ಸೋಪು ಬೇಕಾದ ಕಡೆ ಮಾತ್ರ, ವಾಸನೆಯಿಲ್ಲದ್ದು. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ತೇವವಿರುವಾಗಲೇ ಎಣ್ಣೆ ಹಚ್ಚಬೇಕು. ಎಣ್ಣೆಯಲ್ಲಿ ನೀರಿಲ್ಲ, ಅದು ಇರುವ ನೀರನ್ನು ಹಿಡಿದಿಡುತ್ತದಷ್ಟೇ. ಒಣಗಿದ ಮೇಲೆ ಹಚ್ಚಿದರೆ ಹಿಡಿದಿಡಲು ಏನಿರುತ್ತದೆ? ರೋಮ ಬೆಳೆದ ದಿಕ್ಕಿನಲ್ಲೇ ಮೇಲಿಂದ ಕೆಳಕ್ಕೆ ಸವರಿ, ತಿಕ್ಕಬೇಡಿ. ಎಣ್ಣೆಯನ್ನು ಸ್ನಾನದ ನೀರಿಗೇ ಸುರಿದರೆ ಆಗದೇ ಎಂದರೆ, ಬ್ರಿಟನ್ನಿನಲ್ಲಿ 1ರಿಂದ 11 ವರ್ಷದ 482 ಮಕ್ಕಳ ಮೇಲೆ ಅಂಥದ್ದನ್ನೇ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಚರ್ಮಕ್ಕೆ ನೇರ ಹಚ್ಚುವುದರ ಜೊತೆಗೆ ನೀರಿಗೂ ಬೆರೆಸಿದ್ದರಿಂದ ಹೆಚ್ಚಿನ ಉಪಯೋಗ ಕಾಣಲಿಲ್ಲ.

ಪ್ರಮಾಣದಲ್ಲೂ ನಾವು ಜಿಪುಣರು. ಎಸ್ಜಿಮಾ ಇರುವ ಮಗುವಿಗೆ ವಾರಕ್ಕೆ 250ರಿಂದ 500 ಗ್ರಾಂ ತೇವಕಾರಕ (ಮಾಯಿಶ್ಚರೈಸರ್) ಬೇಕು ಎನ್ನುತ್ತದೆ ಬ್ರಿಟನ್ನಿನ ವೈದ್ಯರಿಗೆ ಚಿಕಿತ್ಸೆಯ ದಾರಿ ಹೇಳುವ ನೈಸ್ ಸಂಸ್ಥೆಯ ಮಾರ್ಗಸೂಚಿ. ಇಲ್ಲಿ 50 ಗ್ರಾಂ ಟ್ಯೂಬನ್ನು ತಿಂಗಳುಗಟ್ಟಲೆ ಓಡಿಸುತ್ತೇವೆ! ಎಣ್ಣೆಯೊಂದೇ ಸಾಲದೆ ಚರ್ಮ ಬಿರಿಯುತ್ತಿದ್ದರೆ, ಚಳಿಗಾಲದಲ್ಲಿ ಮುಖ್ಯವಾಗಿ, ವಾಸನೆಯಿಲ್ಲದ ಬಿಳಿ ವ್ಯಾಸಲೀನ್ ಹಚ್ಚಿ. ನೀರು ತಡೆಯುವುದರಲ್ಲಿ ಯಾವ ಎಣ್ಣೆಯೂ ಅದರ ಹತ್ತಿರ ಬರುವುದಿಲ್ಲ. ಬೇಸಿಗೆಯ ಸೆಕೆಯಲ್ಲಿ ಬೆವರುಸಾಲೆ ಎದ್ದರೆ ಎಣ್ಣೆ ಕಡಿಮೆ ಮಾಡಿ ತೆಳು ಕ್ರೀಮಿಗೆ ಬದಲಾಯಿಸಿ. ಯಾವ ಹೊಸ ಎಣ್ಣೆಯನ್ನೂ ಮೊದಲು ಇಸುಬಿಲ್ಲದ ಕಡೆ, ಮುಂಗೈಯ ಒಳಭಾಗದಲ್ಲಿ, ದಿನಕ್ಕೆರಡು ಸಲ ಒಂದು ವಾರ ಹಚ್ಚಿ ನೋಡಿ.

ವೈದ್ಯರ ಮುಲಾಮಿನಲ್ಲಿ ಉರಿಯೂತ ಇಳಿಸುವ ಸ್ಟೀರಾಯ್ಡ್ ಇರಬಹುದೆಂದು ಹಲವರು ಹೆದರುತ್ತಾರೆ. ಆ ಭಯಕ್ಕೆ ಕಾರಣವಿದೆ, ಇಲ್ಲವೆನ್ನುವುದಿಲ್ಲ. ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ಸ್ಟೀರಾಯ್ಡ್ ಕ್ರೀಮು ಕೊಂಡು, ಮುಖ ಬೆಳ್ಳಗಾಗಲಿ ಎಂದೂ ಹುಳುಕಡ್ಡಿಗೂ ತಿಂಗಳುಗಟ್ಟಲೆ ಹಚ್ಚಿ ಚರ್ಮ ಹಾಳುಮಾಡಿಕೊಂಡವರು ನಮ್ಮ ದೇಶದಲ್ಲಿ ಬಹಳ. ಆ ಕಾರಣಕ್ಕೇ 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳನ್ನು ಚೀಟಿಯಿಲ್ಲದೆ ಮಾರಬಾರದೆಂದಿತು. ವೈದ್ಯರು ಜಾಗ, ಅವಧಿ ಹೇಳಿ ಬರೆದುಕೊಟ್ಟದ್ದು ಬೇರೆ ಮಾತು. ತೋರುಬೆರಳ ಕೊನೆಯ ಗೆಣ್ಣಿನುದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈಯಷ್ಟು (ಬೆರಳುಗಳೂ ಸೇರಿ) ಜಾಗಕ್ಕೆ ಅದು ಸಾಕು. ಮುಲಾಮಿಗೂ ಎಣ್ಣೆಗೂ ನಡುವೆ ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ಎಣ್ಣೆ ಮುಲಾಮನ್ನು ಬೇಡದ ಕಡೆಗೂ ಹರಡುತ್ತದೆ.

ಚರ್ಮ ನೀರು ಸೋರುತ್ತಿದ್ದರೆ, ಹಳದಿ ಹಕ್ಕಳೆ ಕಟ್ಟಿದರೆ, ಕೀವಾದರೆ ಎಣ್ಣೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಸಣ್ಣ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಎದ್ದು ಜ್ವರವೂ ಬಂದರೆ ಅದೇ ದಿನ ಹೋಗಬೇಕು, ಅದು ಹರ್ಪಿಸ್ ವೈರಾಣುವಿನ ಸೋಂಕಿರಬಹುದು. ಕೆಂಪು ಕಲೆ ಉಂಗುರದಂತೆ ಅಂಚು ಕಟ್ಟಿ ಹರಡುತ್ತಿದ್ದರೆ ಅದು ಇಸುಬಲ್ಲದೆ ಹುಳುಕಡ್ಡಿಯೇ ಆಗಿರಬಹುದು, ತೋರಿಸಿ.

ಕೊನೆಯದಾಗಿ ಯಾರೂ ಹೇಳದ ಒಂದು ವಿಷಯ. ಎಣ್ಣೆ, ವ್ಯಾಸಲೀನ್ ದಿನವೂ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ. ಎಣ್ಣೆ ಹಚ್ಚಿದ ಮಗಳು ಒಲೆಯ ಹತ್ತಿರ, ದೇವರ ದೀಪದ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಬಚ್ಚಲಿನ ನೆಲವನ್ನೂ ತೊಳೆದುಬಿಡಿ. ಆಮೇಲೆ ಅಲ್ಲಿಗೆ ಹೋಗುವವರು ನಿಮ್ಮ ಅತ್ತೆ.