ಗಂಧರಾಜದ ಎಲೆ ಹಳದಿ ಆಯ್ತಾ? ಗೊಬ್ಬರ ಆಮೇಲೆ, ಮೊದ್ಲು ನೀರು ನೋಡಿ

ನಂಗೆ ವಾಟ್ಸಾಪ್‌ನಲ್ಲಿ ಬರೋ ಗಿಡದ ಫೋಟೋಗಳಲ್ಲಿ ಗಂಧರಾಜದ್ದೇ ಜಾಸ್ತಿ. ಕುಂಡ, ಹಳದಿ ತಿರುಗಿದ ಎಲೆ, ಕೆಳಗೆ ಉದುರಿ ಬಿದ್ದ ಮೊಗ್ಗು, ಜೊತೆಗೆ ಒಂದೇ ಪ್ರಶ್ನೆ, ಸರ್ ಏನ್ ಗೊಬ್ಬರ ಹಾಕ್ಲಿ?

ನಾನು ವಾಪಸ್ ಕೇಳೋದು, ಎಲೆ ಕಿತ್ರೆ ಹಾಲು ಬರುತ್ತಾ ಅಂತ. ಬಂದ್ರೆ ಅದು ನಂದಿಬಟ್ಟಲು, ಕಣಗಿಲೆ ಕುಟುಂಬದ್ದು, ಯಾವ ಮಣ್ಣಲ್ಲಾದ್ರೂ ಹೆಂಗೋ ಬದುಕ್ಕೊಳ್ಳುತ್ತೆ. ಗಂಧರಾಜ ಅಂದ್ರೆ ಗಾರ್ಡೇನಿಯಾ, ಕಾಫಿ ಕುಟುಂಬದ್ದು, ಹಾಲು ಇಲ್ಲ. ಇದಕ್ಕೆ ಹುಳಿ ಮಣ್ಣೇ ಆಗ್ಬೇಕು, ಪಿಎಚ್ (ಮಣ್ಣಿನ ಹುಳಿ ಅಳೆಯೋ ಸಂಖ್ಯೆ, ಏರಿದಷ್ಟೂ ಹುಳಿ ಕಮ್ಮಿ) 5ರಿಂದ 6ರ ಆಸುಪಾಸು.

ಇನ್ನೊಂದ್ಸಲ ಗಿಡ ನೋಡಿ. ಮೇಲಿನ ಹೊಸ ಎಲೆ ಹಳದಿ, ಆದ್ರೆ ನರ ಮಾತ್ರ ಹಸಿರು ಇದ್ಯಾ? ಹಂಗಿದ್ರೆ ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಸಾಮಾನ್ಯವಾಗಿ ಇದ್ದೇ ಇರುತ್ತೆ, ಪಿಎಚ್ ಏರಿದಾಗ ಅದು ನೀರಲ್ಲಿ ಕರಗಲ್ಲ, ಕರಗದೇ ಇರೋದನ್ನ ಬೇರು ಕುಡಿಯೋದು ಹೆಂಗೆ ಹೇಳಿ. ಅದಕ್ಕೇ ತುಕ್ಕು ಹಿಡಿದ ಮೊಳೆ ಹೂತಿಟ್ರೂ ಏನೂ ಆಗಲ್ಲ. ಎಪ್ಸಮ್ ಸಾಲ್ಟ್ ಹಾಕಿ ಅಂತ ಯಾರೋ ಹೇಳಿರ್ತಾರೆ, ಅದ್ರಲ್ಲಿರೋದು ಮೆಗ್ನೀಷಿಯಮ್, ಅದರ ಕೊರತೆ ಕಾಣೋದು ಕೆಳಗಿನ ಹಳೇ ಎಲೆಯಲ್ಲಿ.

ಪಿಎಚ್ ಏರಿಸೋರು ಯಾರು ಅಂದ್ರೆ ಬಹಳ ಸಲ ನಾವೇ, ದಿನಾ ಹಾಕೋ ಗಡಸು ಬೋರ್‌ವೆಲ್ ನೀರಿಂದ. ಬಕೆಟ್ ಒಳಗೆ ಬಿಳಿ ಪದರ ಕಟ್ಟುತ್ತಲ್ಲ, ಅದೇ ಸುಣ್ಣದಂಶ ಕುಂಡದಲ್ಲೂ ಸ್ವಲ್ಪ ಸ್ವಲ್ಪವೇ ಕೂತ್ಕೊಳ್ಳುತ್ತೆ, ನರ್ಸರಿಯಿಂದ ತಂದಾಗ ಚೆನ್ನಾಗಿದ್ದ ಗಿಡ ಕೆಲವು ತಿಂಗಳಾದ್ಮೇಲೆ ಸೊರಗೋದು ಹಿಂಗೇ. ಸಿಮೆಂಟ್ ಗೋಡೆ ಬುಡದಲ್ಲಿ ನೆಟ್ರೂ ಇದೇ ಕಥೆ. ಇನ್ನು ಕೆಲವರು ನೀರು ವೇಸ್ಟ್ ಆಗ್ಬಾರ್ದು ಅಂತ ಆರ್‌ಓ ಮೆಷಿನ್ನಿಂದ ಹೊರಗೆ ಬರೋ ನೀರನ್ನೇ ಇದಕ್ಕೆ ಸುರಿತಾರೆ, ಉದ್ದೇಶ ಒಳ್ಳೇದೇ, ಆದ್ರೆ ಮೆಷಿನ್ ಬೇಡ ಅಂತ ತಳ್ಳಿದ ಉಪ್ಪೆಲ್ಲಾ ಇರೋದು ಅದ್ರಲ್ಲೇ. ಮಳೆ ನೀರು ಹಿಡಿದಿಟ್ಕೊಳ್ಳಿ, ಅದೇ ಬೆಸ್ಟ್.

ಈಗಾಗ್ಲೇ ಹಳದಿ ಆಗಿದ್ರೆ ಚೀಲೇಟೆಡ್ ಐರನ್ ತನ್ನಿ, ಅಂದ್ರೆ ನೀರಲ್ಲಿ ಕರಗೇ ಇರೋ ಹಂಗೆ ಬೇರೆ ವಸ್ತು ಹಿಡಿದಿಟ್ಟಿರೋ ಕಬ್ಬಿಣ, ಆ ವಸ್ತು ಯಾವ್ದು ಅಂತ ಲೇಬಲ್ ಓದಿ ತನ್ನಿ. ಇಡಿಟಿಎ ಅಂತ ಇರೋದು ಪಿಎಚ್ ಆರೂವರೆ ದಾಟಿದ ಮಣ್ಣಲ್ಲಿ ಸರಿಯಾಗಿ ನಿಲ್ಲಲ್ಲ, ಇಡಿಡಿಎಚ್‌ಎ ಅನ್ನೋದು ಕ್ಷಾರದ ಮಣ್ಣಲ್ಲೂ ಕೆಲ್ಸ ಮಾಡುತ್ತೆ, ರೇಟು ಜಾಸ್ತಿ ಅಷ್ಟೆ. ಗಂಧಕದ ಪುಡಿನೂ ಹಾಕಬಹುದು, ಆದ್ರೆ ಅದನ್ನ ಆಮ್ಲ ಮಾಡೋದು ಮಣ್ಣಿನ ಬ್ಯಾಕ್ಟೀರಿಯಾ, ಅವು ತಿಂಗಳುಗಟ್ಟಲೆ ತಗೋತವೆ, ಅರ್ಜೆಂಟ್ ಮಾಡಿ ಡೋಸ್ ಏರಿಸಿದ್ರೆ ಬೇರು ಸುಡುತ್ತೆ.

ಮೊಗ್ಗು ಉದುರೋದಕ್ಕೆ ಕಾರಣ ಬೇರೆ. ಒಂದಿನ ಒಣಗಿಸಿ ಮಾರನೇ ದಿನ ಮುಳುಗಿಸೋದು, ಒಣ ಗಾಳಿ, ರಾತ್ರಿ ಸೆಕೆ, ಆಮೇಲೆ ಮೊಗ್ಗು ಬಂದ ಖುಷಿಗೆ ಕುಂಡನ ಎತ್ತಿ ಎಲ್ಲರಿಗೂ ಕಾಣೋ ಜಾಗಕ್ಕೆ ಇಡೋದು (ನಾನೂ ಮಾಡಿದ್ದೀನಿ, ಬಂದಿದ್ದ ಮೊಗ್ಗಲ್ಲಿ ಅರ್ಧಕ್ಕರ್ಧ ಹೋಯ್ತು). ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು ಸಿಗೋ ಜಾಗ ಮೊದ್ಲೇ ನೋಡಿ ಇಟ್ಬಿಡಿ, ಆಮೇಲೆ ಮುಟ್ಬೇಡಿ. ಬುಡ ಕೆದಕೋದೂ ಬೇಡ, ಬೇರು ಮೇಲ್ಮೇಲೇ ಹರಡಿರುತ್ತೆ, ಒಣ ಎಲೆ ಮುಚ್ಚಿಟ್ರೆ ಸಾಕು.

ಎಲೆ ಮೇಲೆ ಕಪ್ಪು ಮಸಿ ಕಂಡ್ರೆ ಒರೆಸೋಕ್ಮುಂಚೆ ಎಲೆ ತಿರುಗಿಸಿ ನೋಡಿ, ಬಿಳಿ ನೊಣನೋ ಹಿಟ್ಟು ತಿಗಣೆನೋ ಇರುತ್ತೆ, ಅದರ ಅಂಟಿನ ಮೇಲೆ ಬೆಳೆಯೋ ಬೂಷ್ಟು ಈ ಮಸಿ. ಬೇವಿನೆಣ್ಣೆ ಸಂಜೆ ಹೊಡೀರಿ.

ಕತ್ತರಿ ಹಾಕೋದಿದ್ರೆ ಹೂವಿನ ಸೀಸನ್ ಮುಗಿದ ತಕ್ಷಣ ಹಾಕ್ಬಿಡಿ, ತಡ ಮಾಡಿದ್ರೆ ಮುಂದಿನ ಸಲದ ಮೊಗ್ಗನ್ನೇ ಕತ್ತರಿಸಿ ಬಿಸಾಕಿದ ಹಂಗೆ. ಕತ್ತರಿಸಿದ ಅರೆ ಬಲಿತ ತುದಿ ಒಂದು ಗೇಣಿಗಿಂತ ಚಿಕ್ಕದು ಸಾಕು, ಮರಳು ಕೋಕೋಪೀಟ್ ಬೆರೆಸಿ ಚುಚ್ಚಿ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ನೆರಳಲ್ಲಿಡಿ, ಬೇರು ಬರೋಕೆ ಒಂದೆರಡು ತಿಂಗಳು ಹಿಡಿಯುತ್ತೆ, ಮಧ್ಯೆ ಮಧ್ಯೆ ಎಳೆದು ನೋಡ್ಬೇಡಿ.